ಹನ್ನೆರಡು ವರ್ಷದ ಗೀಸರ್: ದುರಸ್ತಿ ಮಾಡಿಸಬೇಕೇ, ಬದಲಿಸಬೇಕೇ?

ದಟ್ಟಗಳ್ಳಿವಾಸಿ, ಮೈಸೂರು

ನಮಸ್ಕಾರ. ನಮ್ಮ ಬಚ್ಚಲಿನಲ್ಲಿ 25 ಲೀಟರಿನ, 2 ಕಿಲೋವ್ಯಾಟಿನ ವಿದ್ಯುತ್ ಗೀಸರ್ ಇದೆ. ಮನೆ ಕಟ್ಟಿದಾಗ ಹಾಕಿಸಿದ್ದು, ಈಗ ಹನ್ನೆರಡು ವರ್ಷ ತುಂಬಿದೆ. ನಮಗೆ ಕಾವೇರಿ ನೀರು ಬಂದರೂ ಅದು ಸಾಲದೆ ಸಂಪಿಗೆ ಕೊಳವೆಬಾವಿಯ ನೀರನ್ನೂ ಬಿಡುತ್ತೇವೆ. ಆ ನೀರು ಎಷ್ಟು ಗಡಸೆಂದರೆ ಬಕೆಟ್ಟಿನ ಅಂಚಿನಲ್ಲಿ, ಷವರಿನ ತೂತುಗಳಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ. ಇತ್ತೀಚೆಗೆ ನೀರು ಕಾಯುವಾಗ ಗೀಸರಿನ ಒಳಗಿನಿಂದ ಗುಡುಗುಡು ಸದ್ದು ಬರುತ್ತಿದೆ, ಇಬ್ಬರ ಸ್ನಾನಕ್ಕೆ ಸಾಕಾಗುತ್ತಿದ್ದ ಬಿಸಿನೀರು ಒಬ್ಬರಿಗೇ ಮುಗಿದುಹೋಗುತ್ತಿದೆ, ಕೆಳಗಿನ ಸುರಕ್ಷತಾ ವಾಲ್ವಿನಿಂದ ಆಗಾಗ ನೀರು ತೊಟ್ಟಿಕ್ಕುತ್ತದೆ.

ನೋಡಲು ಬಂದ ಮೆಕ್ಯಾನಿಕ್ ಒಬ್ಬರು ಮುಚ್ಚಳವನ್ನೂ ಬಿಚ್ಚದೆ, ಹತ್ತು ವರ್ಷ ದಾಟಿದ ಗೀಸರನ್ನು ಇಟ್ಟುಕೊಳ್ಳಲೇಬಾರದು ಎಂದರು. ಇನ್ನೊಬ್ಬರು ಎಲಿಮೆಂಟ್ (ನೀರು ಕಾಯಿಸುವ ಸುರುಳಿ) ಬದಲಿಸಿ ಸುಣ್ಣ ತೆಗೆದರೆ ಇನ್ನೂ ಹಲವು ವರ್ಷ ಬರುತ್ತದೆ ಎನ್ನುತ್ತಾರೆ. ಮನೆಯಲ್ಲಿ ವಯಸ್ಸಾದ ಅತ್ತೆಯವರೂ ಚಿಕ್ಕ ಮಗುವೂ ಇರುವುದರಿಂದ ನನಗೆ ಖರ್ಚಿಗಿಂತ ಸುರಕ್ಷತೆಯ ಚಿಂತೆ ಹೆಚ್ಚು. ಬದಲಿಸುವ ಕಾಲ ಬಂದಿದೆ ಎಂದು ಯಾವ ಲಕ್ಷಣಗಳಿಂದ ನಿರ್ಧರಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಯ ಎಲೆಕ್ಟ್ರಿಷಿಯನ್, ಸರಸ್ವತಿಪುರಂ

ವರ್ಷ ಎಣಿಸಿ ಗೀಸರನ್ನು ಕಿತ್ತುಹಾಕುವುದು ಸರಿಯಾದ ಕ್ರಮವಲ್ಲ. ಎಲಿಮೆಂಟ್, ನೀರು ಬೇಕಾದಷ್ಟು ಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟಾಟ್, ಅದು ಕೈಕೊಟ್ಟು ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್, ರಬ್ಬರ್ ಗ್ಯಾಸ್ಕೆಟ್, ಸುರಕ್ಷತಾ ವಾಲ್ವ್ ಇವೆಲ್ಲವೂ ಕೆಟ್ಟಾಗ ಬದಲಿಸಲೆಂದೇ ಮಾಡಿದ ಬಿಡಿಭಾಗಗಳು. ಬದಲಿಸಲಾಗದ್ದು ಒಳಗಿನ ಟ್ಯಾಂಕ್ ಒಂದೇ. ಆದ್ದರಿಂದ ಗೀಸರಿನ ಆಯಸ್ಸು ಎಂದರೆ ಆ ಟ್ಯಾಂಕಿನ ಆಯಸ್ಸು, ಮತ್ತು ಅದನ್ನು ಬಿಚ್ಚಿ ನೋಡದೆ ಯಾರೂ ಹೇಳಲಾರರು.

ನೀವು ಹೇಳಿದ ಲಕ್ಷಣಗಳಲ್ಲಿ ಮೊದಲ ಎರಡು ಸುಣ್ಣದ ಕೆಲಸವೆಂದು ತೋರುತ್ತದೆ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಎಲಿಮೆಂಟಿನ ಮೇಲೆ ಪದರ ಕಟ್ಟುತ್ತದೆ. ಆ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಕುದಿದು ಆವಿಯಾಗಿ ಹೊರನುಗ್ಗುವಾಗ ನಿಮಗೆ ಕೇಳುವ ಗುಡುಗುಡು ಸದ್ದು ಹುಟ್ಟುತ್ತದೆ. ಎಲಿಮೆಂಟಿನ ಪಕ್ಕದಲ್ಲೇ ಥರ್ಮೋಸ್ಟಾಟಿನ ಕೊಳವೆ ಇರುತ್ತದೆ. ಸುಣ್ಣ ಬೆಳೆದು ಎರಡನ್ನೂ ಬೆಸೆದುಬಿಟ್ಟರೆ ಥರ್ಮೋಸ್ಟಾಟ್ ನೀರಿನ ಬಿಸಿಯನ್ನು ಬಿಟ್ಟು ಎಲಿಮೆಂಟಿನ ಬಿಸಿಯನ್ನೇ ಗ್ರಹಿಸಿ, ನೀರು ಇನ್ನೂ ಉಗುರುಬೆಚ್ಚಗಿರುವಾಗಲೇ ಕರೆಂಟನ್ನು ಕಡಿದುಹಾಕುತ್ತದೆ. ಬಿಸಿನೀರು ಬೇಗ ಮುಗಿಯುವುದಕ್ಕೆ ಇದೇ ಕಾರಣವಿದ್ದೀತು. ತಳದಲ್ಲಿ ಉದುರಿ ಕುಳಿತ ಸುಣ್ಣ ನೀರಿನ ಜಾಗವನ್ನು ಆಕ್ರಮಿಸಿರುವುದೂ ಉಂಟು. ಎರಡಕ್ಕೂ ದುರಸ್ತಿಯೇ ಮದ್ದು. ಆದರೆ ಸುಣ್ಣ ತೆಗೆಯುವವರು ಟ್ಯಾಂಕಿನೊಳಗೆ ಸ್ಕ್ರೂಡ್ರೈವರ್ ಹಾಕಿ ಕುಟ್ಟಲು ಬಿಡಬೇಡಿ. ಒಳಗೆ ಗಾಜಿನ ಲೇಪನವಿದ್ದರೆ ಅದು ಬಿರುಕು ಬಿಡುತ್ತದೆ. ಸಿಟ್ರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ತೊಳೆಯುವುದು ಕ್ಷೇಮ.

ಬಿಚ್ಚಿದಾಗ ನೋಡಲೇಬೇಕಾದದ್ದು ಮೆಗ್ನೀಸಿಯಂ ರಾಡ್. ಗಾಜಿನ ಲೇಪನದ ಉಕ್ಕಿನ ಟ್ಯಾಂಕುಗಳಲ್ಲಿ ಲೇಪನ ಎಲ್ಲಿಯಾದರೂ ಸೂಕ್ಷ್ಮವಾಗಿ ಬಿಟ್ಟಿದ್ದರೂ ಉಕ್ಕು ತುಕ್ಕು ಹಿಡಿಯದಿರಲೆಂದು ಈ ರಾಡನ್ನು ಇಟ್ಟಿರುತ್ತಾರೆ. ಉಕ್ಕಿನ ಬದಲು ತಾನೇ ಸವೆಯುವುದು ಇದರ ಕೆಲಸ. ರಾಡ್ ಪೂರ್ತಿ ಸವೆದ ದಿನದಿಂದ ಟ್ಯಾಂಕ್ ಸವೆಯತೊಡಗುತ್ತದೆ. ಗಡಸು ನೀರಿರುವ ಮನೆಯಲ್ಲಿ ವರ್ಷ, ಎರಡು ವರ್ಷಕ್ಕೊಮ್ಮೆ ಇದನ್ನು ನೋಡಬೇಕು. ಗೀಸರ್ ಕೊಳ್ಳುವಾಗ ಈ ಮಾತನ್ನು ಗಿರಾಕಿಗೆ ಯಾರೂ ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಅಗ್ಗದ ಒಂದು ರಾಡ್ ಸಕಾಲದಲ್ಲಿ ಬದಲಾಗಿದ್ದರೆ ಎಷ್ಟೋ ಗೀಸರುಗಳು ಗುಜರಿಗೆ ಹೋಗುತ್ತಿರಲಿಲ್ಲ.

ವಾಲ್ವಿನ ವಿಷಯ: ನೀರು ಕಾದು ಹಿಗ್ಗುವಾಗ ಕೆಲವು ಹನಿ ಬೀಳುವುದು ಸಹಜ. ಸ್ವಿಚ್ ಆರಿಸಿದ ಮೇಲೂ ಬೀಳುತ್ತಲೇ ಇದ್ದರೆ ವಾಲ್ವಿನ ಬಾಯಲ್ಲಿ ಸುಣ್ಣ ಕೂತಿದೆ, ಅದನ್ನು ಬದಲಿಸಿ. ಯಾವ ಕಾರಣಕ್ಕೂ ಅದಕ್ಕೆ ಬಿರಡೆ ಹಾಕಿ ಮುಚ್ಚಬೇಡಿ. ಥರ್ಮೋಸ್ಟಾಟೂ ಕಟ್‌ಔಟೂ ಒಟ್ಟಿಗೆ ಕೈಕೊಟ್ಟರೆ ಟ್ಯಾಂಕ್ ಸಿಡಿಯದಂತೆ ಕಾಯುವುದು ಅದೊಂದೇ.

ತೆಂಗಿನತೋಟ, ಮದ್ದೂರು

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ನೀರು ಸಾಕಷ್ಟು ಕಾಯದಿದ್ದಾಗ ಗೀಸರನ್ನು ದೂರುವ ಮೊದಲು ವೋಲ್ಟೇಜನ್ನು ಅಳೆಸಿರಿ. ಎಲಿಮೆಂಟಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಎಲಿಮೆಂಟ್ 200 ವೋಲ್ಟಿನಲ್ಲಿ ಸುಮಾರು 1500 ವ್ಯಾಟನ್ನಷ್ಟೇ ಕೊಡುತ್ತದೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ನಮ್ಮ ಕಡೆ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ನಮ್ಮ ಹಳ್ಳಿಯ ಮನೆಯಲ್ಲಿ ಈಗಲೂ ತೆಂಗಿನ ಮಟ್ಟೆ, ಕರಟ ಉರಿಸುವ ತಾಮ್ರದ ಬಾಯ್ಲರ್ ಇದೆ. ತಾಮ್ರವಾದ್ದರಿಂದ ಬೆಸುಗೆ ಬಿಟ್ಟ ಕಡೆ ಮತ್ತೆ ಬೆಸೆಯಿಸಬಹುದು. ಆದರೆ ಬೆಂಕಿ ತಾಗುವ ನಡುಗೊಳವೆಯ ತಗಡೇ ತೆಳುವಾಗಿ ಒತ್ತಿದರೆ ತಗ್ಗುವಂತಾದಾಗ ಅದನ್ನೂ ಬದಲಿಸಲೇಬೇಕು.

ನಿವೃತ್ತ ಮೇಷ್ಟ್ರು, ಕುವೆಂಪುನಗರ

ಸುಣ್ಣ ಕಟ್ಟಿದ ಗೀಸರ್ ಕರೆಂಟ್ ಬಿಲ್ಲನ್ನು ಬಹಳ ಹೆಚ್ಚಿಸುತ್ತದೆ, ಆದ್ದರಿಂದ ಹೊಸದನ್ನು ಕೊಂಡರೆ ಉಳಿತಾಯ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಇದನ್ನು ನಾನು ಒಪ್ಪುವುದಿಲ್ಲ. ನೀರಿನೊಳಗೇ ಮುಳುಗಿರುವ ಎಲಿಮೆಂಟಿನ ಶಾಖ ಸುಣ್ಣದ ಪದರವನ್ನು ದಾಟಿ ನೀರಿಗೇ ಸೇರಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಸುಣ್ಣದಿಂದ ಎಲಿಮೆಂಟ್ ವಿಪರೀತ ಕಾದು ಬೇಗ ಸುಡುತ್ತದೆಯೇ ಹೊರತು ಯೂನಿಟ್ಟುಗಳು ಅಷ್ಟಾಗಿ ಹೆಚ್ಚುವುದಿಲ್ಲ. ಲೆಕ್ಕವೂ ಸರಳವಾಗಿದೆ: 25 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಹಳೆಯದಾದರೂ ಹೊಸದಾದರೂ ಸುಮಾರು 1.1 ಯೂನಿಟ್ ಬೇಕು. ದಿನಕ್ಕೆರಡು ಬಾರಿ ಕಾಯಿಸಿದರೆ ತಿಂಗಳಿಗೆ 66 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ ಈ ಲೆಕ್ಕ ಎಲ್ಲರ ಮನಸ್ಸಿನಲ್ಲಿರುವುದು ಒಳ್ಳೆಯದು.

ಹಳೆಯದಕ್ಕೂ ಹೊಸದಕ್ಕೂ ನಿಜವಾದ ವ್ಯತ್ಯಾಸ ಇರುವುದು ಕಾದ ನೀರು ಸುಮ್ಮನೆ ನಿಂತಾಗ ಸೋರಿಹೋಗುವ ಶಾಖದಲ್ಲಿ. ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಕೊಡುವ ನಕ್ಷತ್ರಗಳು ಅಳೆಯುವುದು ಇದನ್ನೇ. ರಾತ್ರಿ ಕಾಯಿಸಿ ಸ್ವಿಚ್ ಆರಿಸಿ, ಬೆಳಿಗ್ಗೆ ನಲ್ಲಿ ತಿರುಗಿಸಿ ನೋಡಿ. ನೀರು ಪೂರ್ತಿ ತಣ್ಣಗಾಗಿದ್ದರೆ ಶಾಖ ತಡೆಯುವ ಹೊದಿಕೆ ಹಾಳಾಗಿದೆ ಎಂದು ತಿಳಿಯಬಹುದು. ಸ್ನಾನಕ್ಕೆ ಸ್ವಲ್ಪ ಮುಂಚೆ ಮಾತ್ರ ಸ್ವಿಚ್ ಹಾಕುವ ಮನೆಗೆ ಅದೂ ದೊಡ್ಡ ನಷ್ಟವಲ್ಲ.

ಸುರಕ್ಷತೆಯ ಮಾತು ಬೇರೆ. ಗೀಸರ್ ಹಾಕಿದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಬೀಳುವುದು, ನಲ್ಲಿ ಮುಟ್ಟಿದರೆ ಕೈ ಜುಂ ಎನ್ನುವುದು, ನಲ್ಲಿಯಿಂದ ನೀರಿನ ಜೊತೆ ಆವಿ ನುಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣದಿಂದಲೇ ಬಳಕೆ ನಿಲ್ಲಿಸಬೇಕು. ನಿಮ್ಮ ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಗೀಸರಿನ ವಿಷಯ ಏನೇ ಆಗಲಿ, ಅದನ್ನು ಮೊದಲು ಹಾಕಿಸಿ. ಇನ್ನೊಂದು ಪರೀಕ್ಷೆ: ಬಿಸಿನೀರು ಮಾತ್ರ ಕೆಂಪಗೆ ಬಂದರೆ ತುಕ್ಕು ಟ್ಯಾಂಕಿನದು, ತಣ್ಣೀರೂ ಕೆಂಪಗಿದ್ದರೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನದು.

ದಟ್ಟಗಳ್ಳಿವಾಸಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದಂತೆ ಮೆಕ್ಯಾನಿಕ್ ಎದುರಿಗೇ ನಿಂತು ಬಿಚ್ಚಿಸಿದೆ. ಮೆಗ್ನೀಸಿಯಂ ರಾಡಿನ ಜಾಗದಲ್ಲಿ ಬರಿಯ ತಂತಿ ಉಳಿದಿತ್ತು. ಎಲಿಮೆಂಟ್ ಕೂರುವ ಅಂಚಿನ ಸುತ್ತ ಲೇಪನ ಎದ್ದು ತುಕ್ಕಿನ ಗುಳಿಗಳಾಗಿವೆ, ಟ್ಯಾಂಕಿನ ಹೊರಮೈಯಲ್ಲಿ ಒಂದು ಕಡೆ ಹೊದಿಕೆ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿದೆ. ಬೆಸುಗೆ ಹಾಕಿಸಿ ಇನ್ನೊಂದು ವರ್ಷ ದೂಡಬಹುದು ಎಂದು ಅವರು ಹೇಳಿದರು. ನಾನು ಬೇಡವೆಂದೆ. ಹೊಸದನ್ನು ಕೊಳ್ಳುವಾಗ ಏನು ನೋಡಬೇಕು?

ಹಳೆಯ ಎಲೆಕ್ಟ್ರಿಷಿಯನ್, ಸರಸ್ವತಿಪುರಂ

ಸರಿಯಾದ ನಿರ್ಧಾರ. ಬೆಸುಗೆಯ ಶಾಖಕ್ಕೆ ಸುತ್ತಲಿನ ಲೇಪನವೂ ಒಡೆದು, ಪಕ್ಕದಲ್ಲೇ ಮತ್ತೆ ಸೋರಲಾರಂಭಿಸುತ್ತದೆ.

ಹೊಸ ಗೀಸರಿನ ಮೇಲೆ ಐಎಸ್ 2082 (ವಿದ್ಯುತ್ ಗೀಸರುಗಳ ಭಾರತೀಯ ಮಾನಕ) ಗುರುತನ್ನೂ ಬಿಇಇ ಚೀಟಿಯನ್ನೂ ನೋಡಿ. ಮೆಗ್ನೀಸಿಯಂ ರಾಡ್ ಸುಲಭವಾಗಿ ಬಿಚ್ಚಲು ಬರುತ್ತದೆಯೇ, ಅದು ಮೈಸೂರಿನಲ್ಲಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ನಕ್ಷತ್ರ ಒಂದು ಕಡಿಮೆಯಾದರೂ ಅಡ್ಡಿಯಿಲ್ಲ, ಇದು ಇರಬೇಕು. ಗೀಸರ್ 8 ಬಾರ್ ಒತ್ತಡ ತಾಳುತ್ತದೆ ಎಂದು ಅಂಗಡಿಯವರು ಒತ್ತಿ ಹೇಳುತ್ತಾರೆ. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್ ಒತ್ತಡವನ್ನು, ಆದ್ದರಿಂದ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಆ ಅಂಕಿಯ ಚಿಂತೆ ಬೇಡ. ಪ್ರೆಷರ್ ಪಂಪ್ ಇದ್ದರೆ ಅಥವಾ ಎತ್ತರದ ಅಪಾರ್ಟ್‌ಮೆಂಟ್ ಆದರೆ ಮಾತ್ರ ಅದಕ್ಕೆ ಮಹತ್ವ.

ಮಗುವೂ ಹಿರಿಯರೂ ಇರುವುದರಿಂದ ಥರ್ಮೋಸ್ಟಾಟನ್ನು ಅತಿ ಮೇಲಕ್ಕೆ ಇಡಬೇಡಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ, ಹಾಗೆಂದು ಸದಾ ತೀರ ಕಡಿಮೆ ಬಿಸಿಯಲ್ಲಿ ಇಟ್ಟ ನೀರಿನಲ್ಲಿ ರೋಗಾಣುಗಳು ಬೆಳೆಯುವ ಅಪಾಯವಿದೆ. 60ಕ್ಕೆ ಕಾಯಿಸಿ, ಬಕೆಟ್ಟಿಗೆ ಮೊದಲು ತಣ್ಣೀರು ಹಿಡಿದು ಆಮೇಲೆ ಬಿಸಿನೀರು ಬೆರೆಸುವ ರೂಢಿ ಮಾಡಿ. ಹಳೆಯ ವಾಲ್ವನ್ನು ಹೊಸ ಗೀಸರಿಗೆ ಜೋಡಿಸಲು ಬಿಡಬೇಡಿ. ತುಂಬಿದ ಗೀಸರಿನ ನೀರೊಂದೇ 25 ಕಿಲೋ ತೂಗುವುದರಿಂದ ಗೋಡೆಯ ಹಳೆಯ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಅವನ್ನೂ ಹೊಸದಾಗಿ ಹಾಕಿಸಿ, ಟ್ಯಾಂಕಿಗೆ ನೀರು ತುಂಬಿ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಬಂದ ಮೇಲೆಯೇ ಸ್ವಿಚ್ ಹಾಕಿಸಿ.