ತುರ್ತು: ಸರ್ಕಾರಿ ಕಂಬಕ್ಕೆ ಬಾವುಟ ಏರಿಸುವುದೋ, ಹಾರಿಸುವುದೋ, ಕಟ್ಟುವುದೋ?

ಫಲಕದವಳು, ಮೈಸೂರು:

ಎಲ್ಲರಿಗೂ ನಮಸ್ಕಾರ. ಒಂದು ಸರ್ಕಾರಿ ಆವರಣದಲ್ಲಿ ಹೊಸ ಧ್ವಜಸ್ತಂಭ ನಿಲ್ಲಿಸಿದ್ದಾರೆ. ಅದರ ಪಕ್ಕಕ್ಕೆ ಒಂದು ಬೋರ್ಡು ಬರಬೇಕು. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಕನ್ನಡದ ಸಾಲು ಕೊಡಬೇಕು.

ಇಂಗ್ಲಿಷಿನಲ್ಲಿ ಎರಡು ವಾಕ್ಯ ಇದೆ. ಮೊದಲನೆಯದು, ಈ ಕಂಬದ ಮೇಲೆ ರಾಷ್ಟ್ರಧ್ವಜ ಮಾತ್ರ. ಎರಡನೆಯದು, ಆವರಣದೊಳಗೆ ಬೇರೆ ಫ್ಲ್ಯಾಗ್, ಬಂಟಿಂಗ್ (ದಾರಕ್ಕೆ ಪೋಣಿಸಿದ ಪುಟ್ಟ ಬಾವುಟಗಳ ಸಾಲು), ಬ್ಯಾನರ್ ಯಾವುದನ್ನೂ ಲಿಖಿತ ಅನುಮತಿ ಇಲ್ಲದೆ ‘ಡಿಸ್‌ಪ್ಲೇ’ ಮಾಡಬಾರದು. ನನಗೆ ತೊಡಕಾಗಿರುವುದು ಈ ಡಿಸ್‌ಪ್ಲೇ. ‘ಪ್ರದರ್ಶಿಸು’ ಅಂದರೆ ದಸರಾ ವಸ್ತುಪ್ರದರ್ಶನ ನೆನಪಾಗುತ್ತದೆ. ‘ಹಾರಿಸು’ ಅಂದರೆ ಕಂಬದ ಮೇಲಿನದಕ್ಕೆ ಸರಿ, ಆದರೆ ಗೋಡೆಗೆ ಮೊಳೆ ಹೊಡೆದು ಹರವಿದ ಬಾವುಟ ಹಾರುವುದಿಲ್ಲವಲ್ಲ. ಬಂಟಿಂಗ್‌ಗೆ ‘ತೋರಣ’ ಹಾಕೋಣ ಅಂದರೆ ಮಾವಿನೆಲೆಯೂ ಬೇಡ ಅಂದಹಾಗೆ ಆಗುತ್ತದೆ, ಅಲ್ವಾ?

ಕಚೇರಿಯವರೇ ಕಳಿಸಿದ ಕರಡು ಹೀಗಿದೆ: ‘ಸದರಿ ಧ್ವಜಸ್ತಂಭದ ಮೇಲೆ ಅನ್ಯ ಧ್ವಜ ಪ್ರದರ್ಶನವನ್ನು ನಿಷೇಧಿಸಲ್ಪಟ್ಟಿದೆ.’ ಇದನ್ನು ಹೀಗೇ ಬಿಡಲು ಮನಸ್ಸಿಲ್ಲ. ದಯವಿಟ್ಟು ಬೇಗ ಹೇಳಿ.

ಹಳೇ ಮೇಷ್ಟ್ರು, ಶಿವಮೊಗ್ಗ:

‘ನಿಷೇಧಿಸಲ್ಪಟ್ಟಿದೆ’ ಇಟ್ಟರೆ ‘ಪ್ರದರ್ಶನವು’. ‘ಪ್ರದರ್ಶನವನ್ನು’ ಇಟ್ಟರೆ ‘ನಿಷೇಧಿಸಲಾಗಿದೆ’. ಇಷ್ಟೂ ತಿಳಿಯದವರು ಬೋರ್ಡು ಬರೆಸುತ್ತಾರೆ.

ಧ್ವಜಸ್ತಂಭ ಅಂತಲೇ ಇರಲಿ. ಯಾರಾದರೂ ಬಂದು ‘ಧ್ವಜಕಂಬ’ ಮಾಡಿ ಅನ್ನುತ್ತಾರೆ, ಕೇಳಬೇಡಿ. ಸಂಸ್ಕೃತದ ಧ್ವಜಕ್ಕೆ ಕನ್ನಡದ ಕಂಬ ಅಂಟಿಸಿದರೆ ಅರಿಸಮಾಸ, ಅಂದರೆ ಹೊಂದದ ಪದಗಳ ಕೂಡಿಕೆ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಬೇಡ ಅಂದಿದ್ದಾನೆ.

ಅಚ್ಚಗನ್ನಡಿಗ, ಬೆಂಗಳೂರು:

ಮೇಷ್ಟ್ರೇ, ಧ್ವಜವನ್ನೇ ಬಿಟ್ಟರೆ ಅರಿಸಮಾಸದ ಗೋಜೇ ಇಲ್ಲ. ಬಾವುಟ ಇದೆ, ಕಂಬ ಇದೆ. ಸೇರಿಸಿದರೆ ‘ಬಾವುಟಗಂಬ’. ಓದಲು ಬರುವ ಯಾರಿಗೂ ತಿಳಿಯುತ್ತದೆ. ಇನ್ನೂ ಹಳೆಯದು ಬೇಕಿದ್ದರೆ ‘ಪಳವಿಗೆ’ ಇದೆ, ‘ಗುಡಿ’ ಇದೆ. ಹಳಗನ್ನಡದಲ್ಲಿ ಗುಡಿ ಅಂದರೆ ಬಾವುಟವೇ. ‘ಗುಡಿ ತೋರಣ ಕಟ್ಟಿ’ ಅಂತ ಕಾವ್ಯಗಳ ತುಂಬ ಬರುತ್ತದೆ. ನಮ್ಮ ಮಾತನ್ನು ನಾವೇ ಮರೆತು ಧ್ವಜ, ಪತಾಕೆ, ಕೇತನ ಅಂತ ಸಾಲ ತಂದಿದ್ದೇವೆ. ಬೋರ್ಡಿನಲ್ಲಾದರೂ ಕನ್ನಡ ಇರಲಿ.

ಕಡಲತಡಿ, ಉಡುಪಿ:

ಸರ್ಕಾರಿ ಜಾಗದಲ್ಲಿ ‘ಇಲ್ಲಿ ಬೇರೆ ಗುಡಿ ಕಟ್ಟಬಾರದು’ ಅಂತ ಬೋರ್ಡು ಹಾಕಿ ನೋಡಿ. ಮಾರನೇ ದಿನ ಬೇರೆಯೇ ಜಗಳ ಶುರುವಾಗುತ್ತದೆ.

ನಮ್ಮ ಕಡೆ ಬಾವುಟಕ್ಕೆ ‘ಕೊಡಿ’, ಕಂಬಕ್ಕೆ ‘ಕೊಡಿಮರ’. ಜಾತ್ರೆಗೆ ‘ಕೊಡಿ ಏರಿತು’ ಅಂದರೆ ಆಯಿತು, ಇನ್ನೇನೂ ಹೇಳಬೇಕಿಲ್ಲ. ಆದರೆ ಅದು ದೇವಸ್ಥಾನದ ಮಾತು. ಕಚೇರಿ ಮುಂದಿನ ಕಂಬಕ್ಕೆ ಯಾರೂ ಕೊಡಿಮರ ಅನ್ನುವುದಿಲ್ಲ. ಹಾಗೆ ನೋಡಿದರೆ ಧ್ವಜಸ್ತಂಭವೂ ದೇವಸ್ಥಾನದ್ದೇ, ಆದರೆ ಅದು ಹೇಗೋ ಶಾಲೆ ಅಂಗಳಕ್ಕೂ ಬಂದುಬಿಟ್ಟಿದೆ.

ಹಳೇ ಮೇಷ್ಟ್ರು, ಶಿವಮೊಗ್ಗ:

ಅಚ್ಚಗನ್ನಡಿಗರಿಗೆ ಒಂದು ಪ್ರಶ್ನೆ. ಬಾವುಟ ಅಚ್ಚಗನ್ನಡ ಅಂತ ಹೇಳಿದವರು ಯಾರು? ಮರಾಠಿಯಲ್ಲಿ ಬಾವಟಾ ಇದೆ, ತೆಲುಗಿನಲ್ಲಿ ಬಾವುಟಾ ಇದೆ. ನಮಗೆ ಅದು ಮರಾಠಿ ಕಡೆಯಿಂದ ಬಂದದ್ದು. ಒಂದು ಸಾಲ ಬೇಡ ಅಂತ ಇನ್ನೊಂದು ಸಾಲ ತರುವುದಕ್ಕೆ ಇಷ್ಟು ಆವೇಶ ಯಾಕೆ?

ಧ್ವಜ ಪರಕೀಯ ಅನ್ನುವವರು ಶಾಸನ ಓದಲಿ. ಬನವಾಸಿಯ ಕದಂಬರದು ವಾನರಧ್ವಜ. ಗಂಗರದು ಪಿಂಛಧ್ವಜ. ರಾಷ್ಟ್ರಕೂಟರ ಪಾಳಿಧ್ವಜ ಕೇಳಿಲ್ಲವೇ? ಸಾವಿರ ವರ್ಷ ಇಲ್ಲೇ ಇದ್ದ ಮಾತಿಗೆ ಇನ್ನೂ ಎಷ್ಟು ದಿನ ಅತಿಥಿ ಅನ್ನುತ್ತೀರಿ?

ಹುಬ್ಬಳ್ಳಿಯವ:

ನಮ್ಮ ಕಡೆ ಎಲ್ಲರೂ ‘ಝಂಡಾ’ ಅಂತಾರೆ. ಆಗಸ್ಟ್ ಹದಿನೈದಕ್ಕೆ ‘ಝಂಡಾ ಹಾರಿಸಾಕ’ ಹೋಗ್ತಾರೆ. ಕಂಬ ನಿಲ್ಲಿಸುವ ಜಗಲಿ ‘ಝಂಡಾ ಕಟ್ಟಿ’. ಇದೇ ಊರಿನ ಬೆಂಗೇರಿಯ ಖಾದಿ ಕೇಂದ್ರದಲ್ಲಿ ದೇಶಕ್ಕೆಲ್ಲ ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಟ್ಟೆಗೆ ಧಾರವಾಡದ ಹತ್ತಿರದ ಗರಗ ಹೆಸರುವಾಸಿ. ಝಂಡಾ ಹೊಲಿಯುವ ಊರಿನವರೇ ಅದನ್ನ ಝಂಡಾ ಅಂದರೆ, ಹಿಂದಿ ಅಂತ ಮೂಗು ಮುರಿಯುವವರು ಯಾರು?

(2021ರ ಕೊನೆಗೆ ಪಾಲಿಯೆಸ್ಟರೂ ಆಗಬಹುದು, ಮಷೀನಿನ ಬಟ್ಟೆಯೂ ಆಗಬಹುದು ಅಂತ ತಿದ್ದುಪಡಿ ತಂದರು. ಅದಕ್ಕೂ ಮೊದಲು ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಬೇಕಿತ್ತು. ಆ ಸಿಟ್ಟು ಇಲ್ಲಿ ಇನ್ನೂ ಇದೆ. ಅದು ಬೇರೆ ಮಾತು.)

ಫಲಕದವಳು, ಮೈಸೂರು:

ದಯವಿಟ್ಟು. ನಾನು ಕೇಳಿದ್ದು ಕ್ರಿಯಾಪದ. ನಾಮಪದ ಅಲ್ಲ. ಪೇಂಟರ್ ಫೋನ್ ಮಾಡ್ತಾ ಇದ್ದಾರೆ.

ನಿವೃತ್ತ ಗುಮಾಸ್ತ, ಮಂಡ್ಯ:

ತಾಯಿ, ನಾನು ಹೇಳುತ್ತೇನೆ. ನೌಕರಿಯಲ್ಲಿದ್ದಷ್ಟು ಕಾಲವೂ ಧ್ವಜದ ಸುತ್ತೋಲೆ ಟೈಪ್ ಮಾಡಿದವನು ನಾನು.

ಭಾರತೀಯ ಧ್ವಜ ಸಂಹಿತೆ ಜಾರಿಗೆ ಬಂದದ್ದು 2002ರ ಜನವರಿ 26ಕ್ಕೆ. ಅದರ ಎರಡನೇ ಭಾಗ ಜನರಿಗೆ, ಖಾಸಗಿ ಸಂಸ್ಥೆಗಳಿಗೆ, ಶಾಲೆಗಳಿಗೆ. ಮೂರನೇ ಭಾಗ ಸರ್ಕಾರಕ್ಕೆ. ಎರಡು ಕಡೆಯೂ ‘ಹಾರಿಸುವುದು’ ಬೇರೆ, ‘ಪ್ರದರ್ಶಿಸುವುದು’ ಬೇರೆ. ಕಂಬಕ್ಕೆ ಏರಿಸಿದರೆ ಮೊದಲನೆಯದು. ಗೋಡೆಗೆ ಹರವಿದರೆ, ವೇದಿಕೆಯ ಹಿಂದೆ ಕಟ್ಟಿದರೆ ಎರಡನೆಯದು. ಆದ್ದರಿಂದ ಒಂದೇ ಕ್ರಿಯಾಪದದಲ್ಲಿ ಎರಡನ್ನೂ ಮುಗಿಸಲು ಹೋಗಬೇಡಿ. ‘ಏರಿಸು’ ಇನ್ನೂ ಕಿರಿದು. ಹಗ್ಗ ಎಳೆಯುವ ಆ ಕ್ಷಣಕ್ಕೆ ಮಾತ್ರ ಅದು. ಸಂಹಿತೆಯಲ್ಲಿ ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಅಂತ ಇದೆ. ಅಲ್ಲಿ ‘ಏರಿಸು’ ಬೇಕೇ ಬೇಕು. ನಿಮ್ಮ ಬೋರ್ಡಿಗೆ ಬೇಡ.

ರಾಷ್ಟ್ರಧ್ವಜ ಇರುವ ಕಂಬದಲ್ಲೇ ಇನ್ನೊಂದು ಬಾವುಟ ಹಾರಿಸುವಂತಿಲ್ಲ. ಬೇರೆ ಬಾವುಟ ಅದಕ್ಕಿಂತ ಮೇಲೂ ಇರಬಾರದು, ಸರಿಸಮಾನವಾಗಿ ಪಕ್ಕದಲ್ಲೂ ಇರಬಾರದು. ಕಂಬದ ತುದಿಗೆ ಹೂವು, ಹಾರ, ಲಾಂಛನ ಏನೂ ಕೂಡದು. ಬಿಚ್ಚುವ ಮೊದಲು ಒಳಗೆ ಹೂವಿನ ಎಸಳು ಇಡುವುದಕ್ಕೆ ಮಾತ್ರ ಅಡ್ಡಿ ಇಲ್ಲ. ಇದೆಲ್ಲ ಸಂಹಿತೆಯಲ್ಲೇ ಇರುವುದರಿಂದ ನಿಮ್ಮ ಮೊದಲ ವಾಕ್ಯಕ್ಕೆ ಬಲ ಇದೆ.

ಎರಡನೇ ವಾಕ್ಯದ ಕತೆ ಬೇರೆ. ಸಂಹಿತೆ ಹೇಳುವುದು ರಾಷ್ಟ್ರಧ್ವಜವನ್ನು ಹೇಗೆ ನಡೆಸಿಕೊಳ್ಳಬೇಕು ಅಂತ. ಸರ್ಕಾರಿ ಜಾಗದಲ್ಲಿ ಬೇರೆ ಯಾವ ಬಾವುಟಕ್ಕೆ ಅವಕಾಶ ಅನ್ನುವುದು ಅನುಮತಿ ಪತ್ರದ ಮೇಲೆ ನಿಂತಿರುತ್ತದೆ. ನಮ್ಮ ಜಿಲ್ಲೆಯ ಕೆರಗೋಡಿನಲ್ಲಿ ಆದದ್ದೇ ಇದು. 108 ಅಡಿ ಕಂಬ. ಪಂಚಾಯಿತಿ ಅನುಮತಿ ಕೊಟ್ಟದ್ದು ರಾಷ್ಟ್ರಧ್ವಜಕ್ಕೆ, ಕನ್ನಡ ಧ್ವಜಕ್ಕೆ ಅಂತ ಸರ್ಕಾರ ಹೇಳಿತು. ಏರಿದ್ದು ಹನುಮ ಧ್ವಜ. 2024ರ ಜನವರಿ 28ರಂದು ಆಡಳಿತ ಅದನ್ನು ಇಳಿಸಿ ರಾಷ್ಟ್ರಧ್ವಜ ಹಾರಿಸಿತು. ಲಾಠಿ ಬೀಸಿದರು, ನಿಷೇಧಾಜ್ಞೆ ಬಂತು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಮಾನತಾದರು. ಯಾರು ಸರಿ ಅಂತ ನಾನು ಹೇಳುತ್ತಿಲ್ಲ. ಅನುಮತಿ ಯಾವುದಕ್ಕೆ, ಕೊಡುವವರು ಯಾರು ಅನ್ನುವುದು ನೋಡಿದವರಿಗೆಲ್ಲ ತಿಳಿಯುವಂತಿರಬೇಕು ಅಂತ ಹೇಳುತ್ತಿದ್ದೇನೆ. ನಿಮ್ಮ ಬೋರ್ಡಿನಲ್ಲಿ ‘ಲಿಖಿತ ಅನುಮತಿ’ ಅಂತಷ್ಟೇ ಇದೆ. ಯಾರ ಅನುಮತಿ?

ಬಾಸ್ಟನ್ ಕನ್ನಡಿಗ:

ಗುಮಾಸ್ತರ ಮಾತಿಗೆ ನನ್ನದೊಂದು ಸೇರಿಕೆ. ಇಲ್ಲಿನ ನಗರಸಭೆ ಕಟ್ಟಡದ ಮುಂದೆ ಮೂರು ಕಂಬ ಇವೆ, ಸುಮಾರು 83 ಅಡಿಯವು. ಒಂದರಲ್ಲಿ ದೇಶದ್ದು, ಒಂದರಲ್ಲಿ ರಾಜ್ಯದ್ದು, ಮೂರನೆಯದರಲ್ಲಿ ನಗರದ್ದು. ಆ ಮೂರನೆಯದನ್ನು ಕೇಳಿದವರಿಗೆಲ್ಲ ಸ್ವಲ್ಪ ಹೊತ್ತು ಬಿಟ್ಟುಕೊಡುತ್ತಿದ್ದರು. 2005ರಿಂದ 2017ರವರೆಗೆ 284 ಸಮಾರಂಭ, 50 ಬಗೆಯ ಬಾವುಟ. ಯಾರಿಗೂ ಇಲ್ಲ ಅಂದಿರಲಿಲ್ಲ. 2017ರಲ್ಲಿ ಒಬ್ಬರು ಕ್ರೈಸ್ತ ಧ್ವಜ ಹಾರಿಸುತ್ತೇವೆ ಅಂದಾಗ ಮಾತ್ರ ಆಗಲ್ಲ ಅಂದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮೇ ತಿಂಗಳಲ್ಲಿ ನಗರ ಸೋತಿತು, ಅದೂ ಒಮ್ಮತದ ತೀರ್ಪು. ಇಷ್ಟು ವರ್ಷ ಏನನ್ನೂ ಪರಿಶೀಲಿಸದೆ ಕಂಬ ಕೊಟ್ಟಿದ್ದೀರಿ, ಈಗ ಅದು ನಿಮ್ಮದೇ ಮಾತು ಅಂದರೆ ಹೇಗೆ ಅಂತ ಕೋರ್ಟು ಕೇಳಿತು.

ಇದರಲ್ಲಿ ಬರುವ ‘ಗವರ್ನಮೆಂಟ್ ಸ್ಪೀಚ್’ಗೆ ಕನ್ನಡ ಏನು? ‘ಸರ್ಕಾರಿ ಭಾಷಣ’ ಅಂದರೆ ಮಂತ್ರಿಗಳ ಭಾಷಣ ಆಗುತ್ತದೆ. ಕಂಬದ ಮೇಲೆ ಬಾವುಟ ಹಾರಿಸುವುದರ ಮೂಲಕ ಸರ್ಕಾರ ತಾನೇ ಏನೋ ಹೇಳುತ್ತಿದೆ ಅನ್ನುವ ಅರ್ಥ ಬರಬೇಕು.

ಹಳೇ ಮೇಷ್ಟ್ರು, ಶಿವಮೊಗ್ಗ:

ಕೇಳಿದ್ದು ಮೈಸೂರಿನ ಬೋರ್ಡು. ಬಾಸ್ಟನ್ ಯಾಕೆ?

ಕಡಲತಡಿ, ಉಡುಪಿ:

‘ಸರ್ಕಾರದ ಮಾತು’ ಸಾಕು. ಸುಮ್ನೆ ಉದ್ದ ಮಾಡಬೇಡಿ.

ಅಚ್ಚಗನ್ನಡಿಗ, ಬೆಂಗಳೂರು:

ಬಾವುಟ ಮರಾಠಿಯದು ಅಂದಿರಿ, ಆಯಿತು. ಅದು ನಮ್ಮ ಬಾಯಿಗೆ ಹೊಂದಿಕೊಂಡು ಬಂದಿದೆ, ಮಹಾಪ್ರಾಣವೂ ಇಲ್ಲ, ಒತ್ತೂ ಇಲ್ಲ. ಎರಡನೇ ಕ್ಲಾಸಿನ ಮಗು ಬರೆಯಬಲ್ಲದು. ‘ಧ್ವಜಸ್ತಂಭ’ ಬರೆಯುವಷ್ಟರಲ್ಲಿ ಪೇಂಟರ್ ಎರಡು ತಪ್ಪು ಮಾಡಿರುತ್ತಾನೆ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಹೇಗೆ ಬಂತು ಅನ್ನುವುದು ಮುಖ್ಯ.

ಅರಿಸಮಾಸದ ಬಗ್ಗೆಯೂ ಹೇಳಿಬಿಡುತ್ತೇನೆ. ‘ಗರುಡಗಂಬ’ ಯಾವ ಊರಲ್ಲಿ ಇಲ್ಲ? ಗರುಡ ಸಂಸ್ಕೃತ ಅಲ್ವಾ? ‘ಮಲ್ಲಗಂಬ’? ಅದನ್ನೆಲ್ಲ ಒಪ್ಪಿಕೊಂಡು ಧ್ವಜಕ್ಕೆ ಕಂಬ ಸೇರಿಸಿದಾಗ ಮಾತ್ರ ಕೇಶಿರಾಜ ಎದ್ದು ಬರುತ್ತಾನೆ.

ಹಳೇ ಮೇಷ್ಟ್ರು, ಶಿವಮೊಗ್ಗ:

ರೂಢಿಗೆ ಬಂದದ್ದು ಬೇರೆ, ಇವತ್ತು ಕೂತು ಹೊಸೆಯುವುದು ಬೇರೆ. ಇದನ್ನು ಎಷ್ಟು ಸಲ ಹೇಳಬೇಕು?

ಹುಬ್ಬಳ್ಳಿಯವ:

ರೂಢಿ ಅಂದಮೇಲೆ ಝಂಡಾ ಯಾಕೆ ಬೇಡ? ಕಚೇರಿ, ಅರ್ಜಿ, ಜಮೀನು, ತಹಸೀಲ್ದಾರ, ಆ ಕರಡಿನ ‘ಸದರಿ’, ಯಾವುದು ನಿಮ್ಮ ಹಿತ್ತಲಲ್ಲಿ ಬೆಳೆದದ್ದು? ಸರ್ಕಾರಿ ಕನ್ನಡದಿಂದ ಪಾರ್ಸಿ, ಅರಬ್ಬಿ ತೆಗೆದರೆ ಒಂದು ಅರ್ಜಿಯನ್ನೂ ಬರೆಯಲಾಗದು. ಸಂಸ್ಕೃತದ ಸಾಲಕ್ಕೆ ಪೂರ್ಣಕುಂಭ, ಬೇರೆ ಸಾಲಕ್ಕೆ ಬಾಗಿಲು ಬಂದ್. ಇದು ಯಾವ ನ್ಯಾಯ?

ಫಲಕದವಳು, ಮೈಸೂರು:

ಗುಮಾಸ್ತರೇ, ತುಂಬ ಉಪಕಾರ. ಹೀಗೆ ಮಾಡಿದ್ದೇನೆ, ನೋಡಿ:

‘ಈ ಧ್ವಜಸ್ತಂಭದಲ್ಲಿ ರಾಷ್ಟ್ರಧ್ವಜವನ್ನು ಮಾತ್ರ ಹಾರಿಸಬಹುದು. ಕಚೇರಿ ಮುಖ್ಯಸ್ಥರ ಲಿಖಿತ ಅನುಮತಿ ಇಲ್ಲದೆ ಈ ಆವರಣದಲ್ಲಿ ಬೇರೆ ಯಾವುದೇ ಬಾವುಟ, ಬಂಟಿಂಗ್ಸ್, ಬ್ಯಾನರ್ ಕಟ್ಟಬಾರದು.’

‘ಕಟ್ಟು’ ಹಾಕಿದ್ದು ಯಾಕೆಂದರೆ ಕಂಬಕ್ಕೂ ಕಟ್ಟುತ್ತಾರೆ, ಗೋಡೆಗೂ ಕಟ್ಟುತ್ತಾರೆ, ಮರದಿಂದ ಮರಕ್ಕೂ ಕಟ್ಟುತ್ತಾರೆ.

ನಿವೃತ್ತ ಗುಮಾಸ್ತ, ಮಂಡ್ಯ:

‘ಕಟ್ಟು’ ಒಳ್ಳೆಯ ಆಯ್ಕೆ. ಆದರೆ ನೆಟ್ಟರೆ? ರಾತ್ರಿ ಬಂದು ಒಂದು ಬಿದಿರು ನೆಟ್ಟು ಹೋಗುತ್ತಾರೆ. ‘ಕಟ್ಟಬಾರದು, ನೆಡಬಾರದು’ ಅನ್ನಿ.

ಮೊದಲ ವಾಕ್ಯದ ‘ಹಾರಿಸಬಹುದು’ ತೆಗೆಯಿರಿ. ದಾರಿಹೋಕನೂ ಬಂದು ಹಾರಿಸಬಹುದು ಅಂತ ಓದಿಕೊಳ್ಳಬಹುದು. ‘ಹಾರಿಸಬೇಕು’ ಅಂದರೆ ದಿನಾ ಹಾರಿಸಲೇಬೇಕು ಅಂತ ಇನ್ನೊಂದು ತಕರಾರು. ‘ಹಾರಿಸತಕ್ಕದ್ದು’ ಅದರ ಅಣ್ಣ. ಕ್ರಿಯಾಪದವನ್ನೇ ಬಿಡಿ: ‘ಈ ಧ್ವಜಸ್ತಂಭ ರಾಷ್ಟ್ರಧ್ವಜಕ್ಕೆ ಮೀಸಲು.’ ಬಸ್ಸಿನ ಸೀಟಿನ ಮೇಲೆ ಓದಿ ಓದಿ ‘ಮೀಸಲು’ ಎಲ್ಲರಿಗೂ ಗೊತ್ತು. ಅಕ್ಷರವೂ ಕಮ್ಮಿ.

ಅಚ್ಚಗನ್ನಡಿಗ, ಬೆಂಗಳೂರು:

ಒಂದು ನಿಮಿಷ. ‘ಬೇರೆ ಯಾವುದೇ ಬಾವುಟ’ ಅಂದರೆ ನವೆಂಬರ್ ಒಂದಕ್ಕೆ ಹಳದಿ ಕೆಂಪಿಗೂ ಅನುಮತಿ ಚೀಟಿ ಬೇಕಾ? ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಕೊಟ್ಟ ಬಾವುಟ ಅದು. ಕರ್ನಾಟಕದ ಸರ್ಕಾರಿ ಅಂಗಳದಲ್ಲಿ ಅದು ‘ಬೇರೆ’ ಹೇಗಾಯಿತು?

ನಿವೃತ್ತ ಗುಮಾಸ್ತ, ಮಂಡ್ಯ:

ಸ್ವಾಮಿ, ನಾನೂ ಪ್ರತಿ ವರ್ಷ ಅದರ ಕೆಳಗೆ ನಿಂತವನೇ. ಆದರೆ ಕಾನೂನಿನಲ್ಲಿ ಅದಕ್ಕೆ ಇನ್ನೂ ಜಾಗ ಆಗಿಲ್ಲ. 2012ರಲ್ಲಿ ಸರ್ಕಾರಿ ಕಟ್ಟಡಗಳ ಮೇಲೆ ರಾಜ್ಯೋತ್ಸವಕ್ಕೆ ಕಡ್ಡಾಯವಾಗಿ ಹಾರಿಸಬೇಕು ಅಂತ ಬಜೆಟ್‌ನಲ್ಲಿ ಹೇಳಿದರು. ವಿಷಯ ಹೈಕೋರ್ಟಿಗೆ ಹೋದಮೇಲೆ ಹಿಂದೆ ತೆಗೆದುಕೊಂಡರು. 2018ರ ಮಾರ್ಚ್ 8ರಂದು ಹಳದಿ, ಬಿಳಿ, ಕೆಂಪು, ನಡುವೆ ಗಂಡಭೇರುಂಡದ ಲಾಂಛನ ಇರುವ ಹೊಸ ವಿನ್ಯಾಸವನ್ನು ಮುಖ್ಯಮಂತ್ರಿ ತೋರಿಸಿದರು. ಕೇಂದ್ರದ ಒಪ್ಪಿಗೆ ಬೇಕು ಅಂದರು. ಬೇರೆ ಕಂಬದಲ್ಲಿ, ರಾಷ್ಟ್ರಧ್ವಜಕ್ಕಿಂತ ಕೆಳಗೆ ಹಾರಿಸಿದರೆ ಯಾರೂ ಬಂದು ಕೇಳುವುದಿಲ್ಲ. ಚೀಟಿ ಇದ್ದರೆ ಹಾರಿಸಿದವನಿಗೇ ಒಳ್ಳೆಯದು.

ಅಚ್ಚಗನ್ನಡಿಗ, ಬೆಂಗಳೂರು:

ಹಾಗಾದರೆ ಬೋರ್ಡಿನಲ್ಲಿ ‘ನಾಡಧ್ವಜದ ಹೊರತು’ ಅಂತ ಸೇರಿಸಿ.

ಹಳೇ ಮೇಷ್ಟ್ರು, ಶಿವಮೊಗ್ಗ:

ಇಷ್ಟು ಹೊತ್ತು ಬಾವುಟ ಬಾವುಟ ಅಂದವರು ಈಗ ‘ನಾಡಧ್ವಜ’ ಅಂದರು. ಗಮನಿಸಿದ್ದೇನೆ.

ಕಡಲತಡಿ, ಉಡುಪಿ:

ಮೇಷ್ಟ್ರೇ, ನಾಡು ಕನ್ನಡ, ಧ್ವಜ ಸಂಸ್ಕೃತ. ನಿಮ್ಮ ಲೆಕ್ಕದಲ್ಲಿ ಇದೂ ಅರಿಸಮಾಸ ಅಲ್ವಾ? ನಾಡಗೀತೆಯೂ ಅಷ್ಟೇ. ಸರ್ಕಾರವೇ ಅದನ್ನು ಒಪ್ಪಿಕೊಂಡು ಕೂತಿದೆ.

ಹಳೇ ಮೇಷ್ಟ್ರು, ಶಿವಮೊಗ್ಗ:

ಅಲ್ಲ. ‘ನಾಡ’ ಅನ್ನುವುದು ಷಷ್ಠಿ. ವಿಭಕ್ತಿ ಇನ್ನೂ ಇದೆ, ಸಮಾಸವೇ ಆಗಿಲ್ಲ. ನಾಡ ಧ್ವಜ, ನಾಡ ಗೀತೆ. ಬಿಡಿಸಿ ಬರೆಯಿರಿ.

ಹುಬ್ಬಳ್ಳಿಯವ:

ಹಾಗಿದ್ದರೆ ‘ಝಂಡಾದ ಕಂಬ’ವೂ ಷಷ್ಠಿ. ಬಿಡಿಸಿ ಬರೆದರೆ ಆಯಿತಲ್ಲ.

ಫಲಕದವಳು, ಮೈಸೂರು:

ಪೇಂಟರ್‌ಗೆ ಕಳಿಸಿದೆ. ‘ಈ ಧ್ವಜಸ್ತಂಭ ರಾಷ್ಟ್ರಧ್ವಜಕ್ಕೆ ಮೀಸಲು. ಕಚೇರಿ ಮುಖ್ಯಸ್ಥರ ಲಿಖಿತ ಅನುಮತಿ ಇಲ್ಲದೆ ಈ ಆವರಣದಲ್ಲಿ ಬೇರೆ ಬಾವುಟ, ಬಂಟಿಂಗ್ಸ್, ಬ್ಯಾನರ್ ಕಟ್ಟಬಾರದು, ನೆಡಬಾರದು.’ ಧ್ವಜವೂ ಇದೆ, ಬಾವುಟವೂ ಇದೆ. ನಾಡಧ್ವಜದ ಮಾತು ನನ್ನ ಕೈಯಲ್ಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ನಾನು ಸೇರಿಸುವಂತಿಲ್ಲ.

ಅಚ್ಚಗನ್ನಡಿಗ, ಬೆಂಗಳೂರು:

‘ಬಂಟಿಂಗ್ಸ್’ ಹಾಗೇ ಬಿಟ್ಟಿರಾ? ಆ ‘ಸ್’ ಇಂಗ್ಲಿಷಿನ ಬಹುವಚನ. ‘ಬಾವುಟಸರ’ ಅನ್ನಬಹುದಿತ್ತು.

ಹಳೇ ಮೇಷ್ಟ್ರು, ಶಿವಮೊಗ್ಗ:

ಅನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.