ಒಂದು ಜಾತಕ, ಹತ್ತು ವರ

“ಲೀಡ್ ಬಂತು!” ಅಂತ ಫೋಟೋಗ್ರಾಫರ್ ಸೀನಿ ಬೈಟು ಕಾಫಿ ಲೋಟ ಕೆಳಗಿಟ್ಟು ಫೋನ್ ಎತ್ತಿಕೊಂಡ. ನೋಡಿದ. ಫೋನ್ ಕೆಳಗಿಟ್ಟು ಮತ್ತೆ ಲೋಟ ಎತ್ತಿಕೊಂಡ.

“ಏನಂತೆ?” ಅಂದ ಕಿಟ್ಟಿ.

“ಫೋಟೋ ತೆಗೆಯುವವರು ಬೇಕು ಅಂತ ಯಾರೋ ಆಪ್‌ನಲ್ಲಿ ಹಾಕಿದ್ದಾರೆ. ಗೃಹಪ್ರವೇಶ, ಯಲಹಂಕ. ಅವರ ನಂಬರ್ ಬೇಕು ಅಂದರೆ ಆಪ್‌ಗೆ ದುಡ್ಡು ಕಟ್ಟಬೇಕು. ವಾಲೆಟ್ ಖಾಲಿ.”

“ಟಾಪ್‌ಅಪ್ ಮಾಡಪ್ಪ. ಬಿಸಿನೆಸ್ ಅಂದಮೇಲೆ ಇನ್ವೆಸ್ಟ್ ಮಾಡಬೇಕು.”

ತಿಂಗಳಾದರೆ ಸಂಬಳ ಬಂದೇ ಬರುವವರಿಗೆ ಬೇರೆಯವರ ಬಿಸಿನೆಸ್ ಬಗ್ಗೆ ಧೈರ್ಯ ಜಾಸ್ತಿ. ಮಂಜಣ್ಣ ಪೇಪರ್ ಮಡಚಿಟ್ಟರು.

“ಲೋ ಕಿಟ್ಟಿ, ನಿನ್ನ ಮದುವೆ ಮಾಡಿಸಿದ ಶಾಸ್ತ್ರಿಗಳು ಜಾತಕ ತೋರಿಸುವುದಕ್ಕೆ ದುಡ್ಡು ಕೇಳಿದ್ದರಾ?”

“ಇಲ್ಲಪ್ಪ. ಮದುವೆ ಆದಮೇಲೆ ಪಂಚೆ, ಶಲ್ಯ, ಒಂದು ಕವರ್ ಕೊಟ್ಟೆವು.”

“ಆದಮೇಲೆ! ಈ ಆಪ್‌ನವರು ಜಾತಕ ತೋರಿಸುವುದಕ್ಕೇ ವಸೂಲಿ ಮಾಡುತ್ತಾರೆ. ಅದೇ ಜಾತಕವನ್ನು ಇನ್ನೂ ಹತ್ತು ವರಗಳಿಗೆ ಮಾರುತ್ತಾರೆ. ಹತ್ತೂ ಜನ ಒಟ್ಟಿಗೆ ಹೋಗಿ ಬಾಗಿಲು ಬಡಿದರೆ ಹುಡುಗಿ ಒಳಗಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಲಾಭ ಬ್ರೋಕರಿಗೆ, ಉಪ್ಪಿಟ್ಟಿನ ಖರ್ಚು ವರಗಳಿಗೆ.”

“ಉಪ್ಪಿಟ್ಟು ಹುಡುಗಿ ಮನೆಯವರು ಮಾಡುವುದು,” ಪದ್ಮಕ್ಕ ತಿದ್ದಿದರು.

“ಇಲ್ಲಿ ವರನೇ ಡಬ್ಬಿಗೆ ಹಾಕಿಕೊಂಡು ಹೋಗಬೇಕಮ್ಮ.”

ಸೀನಿಗೆ ಯಾರಾದರೂ ಕೇಳಿದರೆ ಸಾಕಿತ್ತು. “ಫಾರ್ಮ್ ತುಂಬುವವರಿಗೆ ಒಂದು ಪೈಸೆ ಖರ್ಚಿಲ್ಲ. ಯಾವ ಸಮಾರಂಭ, ಯಾವ ಏರಿಯಾ, ಯಾವತ್ತು. ಬಜೆಟ್ ಅನ್ನುವ ಜಾಗದಲ್ಲಿ ‘ಇನ್ನೂ ಯೋಚಿಸಿಲ್ಲ’. ಮೊದಲು ಫೋನ್ ಮಾಡಿದವನಿಗೆ ಕೆಲಸ. ಮೊನ್ನೆ ಬಸವನಗುಡಿ ಛತ್ರದಲ್ಲಿ ಗಟ್ಟಿಮೇಳ ಬಾರಿಸುತ್ತಿದ್ದಾರೆ, ಹುಡುಗ ತಾಳಿ ಎತ್ತಿದ್ದಾನೆ, ನನ್ನ ಜೇಬಿನಲ್ಲಿ ಟಣ್ ಅಂತು.”

“ನೋಡಿದೆಯಾ?”

“ಹೇಗೆ ನೋಡಲಿ? ಕಣ್ಣು ಕ್ಯಾಮೆರಾದಲ್ಲಿದೆ. ಆಮೇಲೆ ನೋಡಿದರೆ ಎರಡು ದಿನದ ಮದುವೆ, ಒಳ್ಳೆ ಪಾರ್ಟಿ. ದುಡ್ಡು ಕಟ್ಟಿ ಫೋನ್ ಮಾಡಿದೆ. ‘ಆಗಲೇ ಆರು ಜನ ಮಾತಾಡಿದರು, ಸಾಕು’ ಅಂದರು.”

“ಅಂದರೆ ಕೈತುಂಬ ಕೆಲಸ ಇರುವವನಿಗೆ ಕೆಲಸ ಸಿಗುವುದಿಲ್ಲ, ಮನೆಯಲ್ಲಿ ಖಾಲಿ ಕೂತವನಿಗೆ ಸಿಗುತ್ತದೆ,” ಅಂದರು ಮಂಜಣ್ಣ. “ಒಳ್ಳೆ ಫೋಟೋಗ್ರಾಫರ್‌ನ ಹುಡುಕುವುದಕ್ಕೆ ಎಂಥ ಜರಡಿ ಮಾಡಿದ್ದಾರೆ ನೋಡು.”

“ದುಡ್ಡು ವಾಪಸ್ ಕೇಳಬೇಕಪ್ಪ,” ಅಂದ ಕಿಟ್ಟಿ.

“ನಂಬರ್ ತಪ್ಪಿದ್ದರೆ ಮಾತ್ರ ವಾಪಸ್. ನಂಬರ್ ಸರಿ ಇದ್ದು ಅವರು ಎತ್ತದಿದ್ದರೆ ಇಲ್ಲ.”

“ಹುಡುಗಿ ಇದ್ದಾಳೆ ಅನ್ನುವುದಕ್ಕಷ್ಟೇ ಗ್ಯಾರಂಟಿ,” ಮಂಜಣ್ಣ. “ಮದುವೆ ಮನಸ್ಸಿದೆ ಅಂತ ಅವರೇನು ಬರೆದುಕೊಟ್ಟಿದ್ದಾರಾ?”

“ಅದೂ ಇರಲಿ. ಮೂರು ತಿಂಗಳ ಪ್ಯಾಕೇಜ್ ಅಂತ ಜ್ಯೇಷ್ಠದ ಕೊನೆಗೆ ತಲೆಗೆ ಕಟ್ಟಿದರು. ಸ್ಪೆಷಲ್ ಆಫರ್ ಸರ್, ಇವತ್ತು ಬಿಟ್ಟರೆ ಇಲ್ಲ ಸರ್ ಅಂತ. ಆಷಾಢದಲ್ಲಿ ಯಾರು ಮದುವೆಯಾಗುತ್ತಾರೆ? ಭಾದ್ರಪದದಲ್ಲಿ ಪಿತೃಪಕ್ಷ. ನಡುವೆ ಉಳಿದಿದ್ದು ಒಂದು ಶ್ರಾವಣ. ಎಲ್ಲೋ ದೂರದ ಊರಲ್ಲಿ ಕೂತ ಹುಡುಗ, ಪಾಪ, ಅವನಿಗೆ ನಮ್ಮ ಆಷಾಢ ಏನು ಗೊತ್ತು?”

“ಚೆನ್ನಾಗಿ ಗೊತ್ತು. ಅದಕ್ಕೇ ಆಫರ್.”

“ಮೇಲೆ 18% ಜಿಎಸ್‌ಟಿ. ವರ್ಷಕ್ಕೆ 20 ಲಕ್ಷದ ವಹಿವಾಟು ನಾನು ಕನಸಿನಲ್ಲೂ ಕಂಡಿಲ್ಲ, ಹಾಗಾಗಿ ರಿಜಿಸ್ಟರ್ ಆಗಿಲ್ಲ. ರಿಜಿಸ್ಟರ್ ಆದವರು ಆ ತೆರಿಗೆಯನ್ನು ಲೆಕ್ಕದಲ್ಲಿ ಮುರಿದುಕೊಳ್ಳುತ್ತಾರೆ. ನನ್ನದು ಹೋಗಿದ್ದು ಹೋಯಿತು.”

ಪದ್ಮಕ್ಕನಿಗೆ ತೆರಿಗೆ ಮಾತು ಸೇರುವುದಿಲ್ಲ. “ನಮ್ಮ ತಂಗಿ ಮಗಳಿಗೂ ಇಂಥದ್ದೇ ಆಪ್‌ನಲ್ಲಿ ಒಬ್ಬ ಸಿಕ್ಕಿದ್ದ. ಪ್ರೀ-ವೆಡ್ಡಿಂಗ್ ಅಂತ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಎಳಕೊಂಡು ಹೋದ. ಅಲ್ಲಿ ಮೊದಲೇ ಮಂಜು. ಅದರ ಮೇಲೆ ಇವನು ಬಣ್ಣದ ಹೊಗೆ ಬೇರೆ ಬಿಟ್ಟ. ಅಷ್ಟು ದುಡ್ಡು ಕೊಟ್ಟು ಒಂದು ಫೋಟೋದಲ್ಲೂ ಹುಡುಗನ ಮುಖ ಇಲ್ಲ.”

“ಬಿಡಮ್ಮ, ಮುಖ ನೋಡುವುದಕ್ಕೆ ಜೀವನ ಪೂರ್ತಿ ಇದೆ.”

“ನೀವು ನಗಿ ಮಂಜಣ್ಣ,” ಅಂದ ಕಿಟ್ಟಿ. “ನಿಮ್ಮ ಕಾಲದಲ್ಲಿ ಗಿರಾಕಿಗಳು ಹೇಗೆ ಬರುತ್ತಿದ್ದರು?”

“ಸ್ಟುಡಿಯೋ ಮುಂದೆ ಒಂದು ಗಾಜಿನ ಪೆಟ್ಟಿಗೆ ಇತ್ತು. ಗಾಂಧಿ ಬಜಾರಿಗೆ ತರಕಾರಿಗೆ ಬಂದವರು ಚೀಲ ಕೆಳಗಿಟ್ಟು ನೋಡುತ್ತಿದ್ದರು. ಒಬ್ಬಳು ಮದುಮಗಳ ಫೋಟೋ ಇಟ್ಟಿದ್ದೆ. ಮೊಗ್ಗಿನ ಜಡೆ ಕಾಣಲಿ ಅಂತ ಅವಳ ಹಿಂದೆ ಕನ್ನಡಿ ನಿಲ್ಲಿಸಿ ತೆಗೆದದ್ದು. ಅದನ್ನು ನೋಡಿ ಅವಳ ತಂಗಿಯರೆಲ್ಲ ನನ್ನ ಹತ್ತಿರವೇ ಬಂದರು. ಕೊನೆಯವಳ ಮಗನ ಉಪನಯನಕ್ಕೂ ನಾನೇ. ಅವರಪ್ಪ ಹೋದಾಗ ಗೋಡೆಗೆ ಹಾಕುವುದಕ್ಕೆ ಒಂದು ಒಂಟಿ ಫೋಟೋ ಇರಲಿಲ್ಲ ಮನೆಯಲ್ಲಿ. ಹಳೇ ನೆಗೆಟಿವ್ ಹುಡುಕಿ, ಧಾರೆ ಎರೆಯುತ್ತಾ ನಿಂತವರನ್ನು ಅವರೊಬ್ಬರನ್ನೇ ಬಿಡಿಸಿ ದೊಡ್ಡದು ಮಾಡಿಕೊಟ್ಟೆ. ಕಣ್ಣಲ್ಲಿ ಸ್ವಲ್ಪ ನೀರಿತ್ತು. ಮಗಳ ಮದುವೆ, ಅಲ್ವಾ? ಅದನ್ನು ತಿದ್ದಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಆ ಪೆಟ್ಟಿಗೆ ಎಲ್ಲಿದೆ ಈಗ?” ಕೇಳಿದರು ಪದ್ಮಕ್ಕ.

“ಅಲ್ಲೇ ಇದೆ. ಅಂಗಡಿ ತಗೊಂಡವನು ಮೊಬೈಲ್ ಕವರ್ ನೇತುಹಾಕಿದ್ದಾನೆ.”

“ನನಗೆ ಆ ಪೆಟ್ಟಿಗೆಯೂ ಇಲ್ಲ,” ಅಂದ ಸೀನಿ. “ಗಿರಾಕಿಗಳು ಕೊಟ್ಟ ಸ್ಟಾರುಗಳೆಲ್ಲ ಆಪ್‌ನಲ್ಲೇ. ನಾನು ಬಿಟ್ಟರೆ ಬರಿಗೈ.”

“ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನವರು ಗಾಂಧಿ ಬಜಾರಿಗೆ ತರಕಾರಿಗೆ ಬರುವುದಿಲ್ಲ ಕಣ್ರೀ,” ಅಂದ ಕಿಟ್ಟಿ. ಮಾತು ನಿಜ. ಮಂಜಣ್ಣ ಕೂಡ ತಲೆಯಾಡಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಕಿಟ್ಟಿ ಗೆದ್ದಿರುತ್ತಿದ್ದ.

“ಎಲ್ಲರಿಗಿಂತ ಕಷ್ಟ ಅಂದರೆ ಸುಮ್ನೆ ರೇಟ್ ಕೇಳುವವರು,” ಸೀನಿ ಮುಂದುವರಿಸಿದ. “ಹೋದ ವಾರ ಒಂದು ನಾಮಕರಣ ಬಂತು, ಬನಶಂಕರಿ ಮೂರನೇ ಹಂತ. 250 ರೂಪಾಯಿ ಲೀಡಿಗೆ, 45 ಜಿಎಸ್‌ಟಿಗೆ. ಹೆಂಗಸು ಎತ್ತಿದರು. ‘ನಮ್ಮ ಯಜಮಾನರು ಸುಮ್ನೆ ರೇಟ್ ನೋಡುವುದಕ್ಕೆ ನನ್ನ ನಂಬರ್ ಹಾಕಿದ್ದಾರೆ, ಬೆಳಗ್ಗೆಯಿಂದ ನೀವೆಲ್ಲ ಸೇರಿ ಮಗೂನ ಮಲಗಲು ಬಿಟ್ಟಿಲ್ಲ’ ಅಂತ ಉಗಿದರು.”

ಕಿಟ್ಟಿ ಲೋಟದ ತಳ ನೋಡತೊಡಗಿದ.

“ಕಿಟ್ಟಿ,” ಅಂದರು ಪದ್ಮಕ್ಕ, “ನಿಮ್ಮ ಮನೆ ಬನಶಂಕರಿ ಮೂರನೇ ಹಂತ ಅಲ್ವಾ? ಪಾಪುಗೆ ನಾಮಕರಣ ಯಾವಾಗ?”

“ಸೀನಿನೇ ತೆಗೆಯಬೇಕು ಅಂತ ಮೊದಲೇ ಇತ್ತು ಕಣ್ರೀ. ಸ್ನೇಹಿತನ ಹತ್ತಿರ ರೇಟ್ ಕೇಳಲು ಮುಜುಗರ. ಮಾರ್ಕೆಟ್‌ನಲ್ಲಿ ಎಷ್ಟಿದೆ ಅಂತ…”

“ಮೂರಡಿ ದೂರ ಕೂತವನ ಮನೆ ನಂಬರಿಗೆ 295 ರೂಪಾಯಿ,” ಅಂದರು ಮಂಜಣ್ಣ. “ಅಷ್ಟರಲ್ಲಿ ಆಟೋ ಹತ್ತಿ ಬನಶಂಕರಿಗೆ ಹೋಗಿ, ಮಗು ಕೈಗೊಂದು ಗಿಲಕಿ ಕೊಟ್ಟು, ಬೈಗುಳವನ್ನು ನೇರವಾಗಿಯೇ ತಿನ್ನಬಹುದಿತ್ತು.”

“ಸರಿ, ಈಗ ಹೇಳು ಸೀನಿ. ಎಷ್ಟು ತಗೊಳ್ತೀಯ?”

ಸೀನಿ ಹೇಳಿದ. ಕಿಟ್ಟಿ ಸಂಕೋಚದಿಂದಲೇ ಫೋನ್ ತೆಗೆದ. “ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಒಬ್ಬ ಎರಡು ಸಾವಿರ ಕಡಿಮೆಗೆ ಬರುತ್ತಾನೆ. ಆಲ್ಬಮ್ ಬೇರೆ ಫ್ರೀ.”

“ಇಂಥವರಿಂದಲೇ ನಮ್ಮ ಲೈನ್ ಹಾಳಾಗಿದ್ದು! ಯಾರವನು, ತೋರಿಸು.” ಸೀನಿ ಫೋನ್ ಕಿತ್ತುಕೊಂಡು ನೋಡಿದ. ಆಮೇಲೆ ಮೆಲ್ಲಗೆ, “ಇದು ನಾನೇ ಕಣೋ. ಇಂಗ್ಲಿಷ್ ಹೆಸರಿಟ್ಟರೆ ಮೇಲೆ ಬರುತ್ತದೆ ಅಂದಿದ್ದರು. ನಿನ್ನ ಹೆಂಡತಿ ಬೈದ ಮೇಲೆ ಹೆದರಿ ಇಳಿಸಿ ಕಳಿಸಿದ್ದು.”

“ಹಾಗಾದರೆ ಅದೇ ರೇಟಿಗೆ ಬಾ.”

“ಆಗಲ್ಲ. ಅದು ಗಿರಾಕಿಗೆ. ಸ್ನೇಹಿತರಿಗೆ 295 ಸೇರುತ್ತದೆ.”