ಅಪ್‌ಡೇಟ್: ಪುಣೆಯ ಸೆಕೆಯಲ್ಲಿ ನಮ್ಮ ಬರ್ನೀಸ್ ಮೌಂಟನ್ ಡಾಗ್

ಫೆಬ್ರವರಿಯಲ್ಲಿ ಕೇಳಿದ್ದೆ: ಊರು ಬಿಡುತ್ತಿರುವ ಗೆಳೆಯನ 2 ವರ್ಷದ ಬರ್ನೀಸ್ ನಾಯಿಯನ್ನು ಕೋಥ್ರೂಡಿನ ನಮ್ಮ ಫ್ಲ್ಯಾಟಿಗೆ ತರಬಹುದಾ, ಕೂದಲು ಬೋಳಿಸಿದರೆ ಸೆಕೆ ತಡೆಯುತ್ತದಾ ಅಂತ. ಮೂರು ತಿಂಗಳಾಯಿತು.

ತಂದೆವು. 44 ಕಿಲೋ! ಧಾರವಾಡದಿಂದ ಬಂದ ಅವ್ವ ಬಾಗಿಲಲ್ಲೇ ನಿಂತು, "ಇದೇನ್ ಕರಡಿ ತಂದೀಯೋ?" ಅಂದಳು. ಸ್ವಿಟ್ಜರ್ಲೆಂಡಿನ ಬರ್ನ್ ಕಡೆಯ ತಳಿ ಇದು. ಅಲ್ಲಿ ಹಟ್ಟಿ ಕಾಯುತ್ತಿತ್ತು, ಹಾಲಿನ ಗಾಡಿ ಎಳೆಯುತ್ತಿತ್ತು. ಇಲ್ಲಿ ಅವ್ವನನ್ನು ಬಿಟ್ಟು ಪಕ್ಕದ ಕೋಣೆಗೂ ಹೋಗುವುದಿಲ್ಲ.

ಬೋಳಿಸಲಿಲ್ಲ. ಗ್ರೂಮಿಂಗ್ ಅಂಗಡಿಯವನೊಬ್ಬ ಮಶೀನ್ ಹಿಡಿದು ರೆಡಿಯಾಗಿದ್ದ. ಡಾಕ್ಟರ್ ಬೇಡವೆಂದರು. ಇದರದ್ದು ಎರಡು ಪದರದ ಕೂದಲು. ಬೋಳಿಸಿದರೆ ಚರ್ಮಕ್ಕೆ ನೇರ ಬಿಸಿಲು, ಮತ್ತೆ ಮೊದಲಿನಂತೆ ಬೆಳೆಯದೆಯೂ ಇರಬಹುದು. ಒಳಪದರದ ಉದುರು ಕೂದಲನ್ನು ಬಾಚಿ ತೆಗೆದರೆ ಗಾಳಿಯಾಡುತ್ತದೆ. ದಿನಾ ಬಾಚುತ್ತೇನೆ. ಆದರೂ ಮಜ್ಜಿಗೆಯಲ್ಲಿ ಒಂದು ಎಳೆ ಇದ್ದೇ ಇರುತ್ತದೆ.

ಏಪ್ರಿಲ್ ಮಾತ್ರ ಸಾಕುಸಾಕಾಯಿತು. ವಾಕಿಂಗ್ ಬೆಳಿಗ್ಗೆ ಐದೂವರೆಗೆ, ಆಮೇಲೆ ರಾತ್ರಿ ಒಂಬತ್ತಕ್ಕೇ. ಹಗಲೆಲ್ಲ ಎಸಿ. ಬಿಲ್ ಎಷ್ಟು ಅಂತ ಕೇಳಬೇಡಿ. ಒಮ್ಮೆ ಕರೆಂಟ್ ಹೋಗಿ ಏದುಸಿರು ಜಾಸ್ತಿಯಾದಾಗ, ಹೊಟ್ಟೆಗೆ, ಪಾದಕ್ಕೆ ನೀರು ಹಾಕಿ ಬೀಸಣಿಗೆ ಹಿಡಿದು ಕೂತಿದ್ದೆವು. ಚೆಂದ ಕಾಣುತ್ತದೆ ಅಂತ ಸುಮ್ನೆ ಮರಿ ಕೊಳ್ಳುವವರಿಗೆ ನಾನಂತೂ ಬೇಡ ಅನ್ನುತ್ತೇನೆ.

ಊಟ ಎರಡು ಹೊತ್ತಿಗೆ ಹಂಚಿದ್ದೇವೆ. ಉಂಡ ತಕ್ಷಣ ಓಡಾಟವಿಲ್ಲ. ಇಂಥ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. ಆಯಸ್ಸೂ ಸಾಮಾನ್ಯವಾಗಿ 7-8 ವರ್ಷ, ಕ್ಯಾನ್ಸರ್ ಕಾಟ ಜಾಸ್ತಿ. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.